ಆಸೆ ತೀರುವ ಹಾಗೆ ಸಿಹಿ ತಿನ್ನುವುದು: ಕೊಬ್ಬರಿ ಬೆಲ್ಲದಿಂದ ಕಾಯಿ ಒಬ್ಬಟ್ಟಿನವರೆಗೆ

ಸಿಹಿ ತಿನ್ನುವ ಆಸೆಯಲ್ಲಿ ಎರಡು ಬಗೆ ಇದೆ. ಬಾಯಿಗೆ ಏನಾದರೂ ಒಂಚೂರು ಸಿಹಿ ಬಿದ್ದರೆ ಸಾಕು ಅನ್ನುವುದು ಒಂದು. ಅದಕ್ಕೆ ಒಂದು ಬಾಳೆಹಣ್ಣು ಸಾಕು, ಅಲ್ಲಿಗೆ ಮುಗೀತು. ಇನ್ನೊಂದು ಆಸೆ ಹಾಗಲ್ಲ. ಅದಕ್ಕೆ ತುಪ್ಪ ಸೋರಬೇಕು, ಕಾಯಿಯ ಜಿಡ್ಡು ನಾಲಿಗೆಗೆ ಹತ್ತಬೇಕು, ಏಲಕ್ಕಿ ಘಮ್ ಅನ್ನಬೇಕು. ಈ ಎರಡನೆಯದಕ್ಕೆ ಬಿಸ್ಕತ್ತು ಕೊಟ್ಟು ಸಮಾಧಾನ ಮಾಡಲು ಹೋದರೆ ಪ್ಯಾಕೆಟ್ ಖಾಲಿಯಾಗುತ್ತದೆ, ಆಸೆ ಹಾಗೇ ಉಳಿಯುತ್ತದೆ.

ಇದಕ್ಕೆ ಕಾರಣ ಇದೆ. ಬರೀ ಸಕ್ಕರೆಗಿಂತ, ಬರೀ ಕೊಬ್ಬಿಗಿಂತ, ಎರಡೂ ಸೇರಿದ ತಿಂಡಿ ನಮಗೆ ಜಾಸ್ತಿ ಹಿಡಿಸುತ್ತದೆ. ನಾವು ಮೊದಲು ಕುಡಿದ ತಾಯಿಯ ಹಾಲಿನಲ್ಲೇ ಎರಡೂ ಇವೆ: 100 ಮಿಲಿಗೆ ಸುಮಾರು 7 ಗ್ರಾಂ ಹಾಲಿನ ಸಕ್ಕರೆ, ಸುಮಾರು 4 ಗ್ರಾಂ ಕೊಬ್ಬು. ಕೊಬ್ಬು ಇದ್ದರೆ ಹೊಟ್ಟೆಯಿಂದ ಊಟ ನಿಧಾನವಾಗಿ ಮುಂದೆ ಸಾಗುತ್ತದೆ, ಹಾಗಾಗಿ ತೃಪ್ತಿ ಹೆಚ್ಚು ಹೊತ್ತು ನಿಲ್ಲುತ್ತದೆ. ಏಲಕ್ಕಿಯ ಘಮವೂ ಕೊಬ್ಬಿನಲ್ಲೇ ಚೆನ್ನಾಗಿ ಕರಗುವುದು. ತಿಂಡಿ ಬಿಸಿಯಾಗಿದ್ದರೆ ಆ ಘಮ ಎದ್ದು ಮೂಗಿಗೆ ಬರುತ್ತದೆ.

ಹಾಗಾಗಿ ನನ್ನ ಮಾತು ಇಷ್ಟೇ. ಜಿಡ್ಡಿನ ಸಿಹಿ ಬೇಕು ಅನ್ನಿಸಿದಾಗ ಅದರ ಬದಲಿಗೆ ಏನೇನೋ ತಿನ್ನಬೇಡಿ. ಅದನ್ನೇ ತಿನ್ನಿ. ಒಳ್ಳೆ ಕಾಯಿ, ಒಳ್ಳೆ ಬೆಲ್ಲ, ನಿಜವಾದ ತುಪ್ಪ ಹಾಕಿ, ಬಿಸಿಯಾಗಿ, ಕೂತು ತಿನ್ನಿ. ನಮ್ಮ ತುಮಕೂರು ಕಡೆಯವರಿಗೆ ಇದು ಕಷ್ಟವೇ ಅಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಗುಬ್ಬಿ, ಎಲ್ಲಿ ನೋಡಿದರೂ ತೆಂಗು. ಈ ಜಿಲ್ಲೆಯನ್ನು ಕಲ್ಪತರು ನಾಡು ಅಂತ ಕರೆಯುವುದು ಸುಮ್ನೆ ಅಲ್ಲ. ನಿಮ್ಮ ಕೈಯಲ್ಲಿ ಎಷ್ಟು ಹೊತ್ತಿದೆ ಅನ್ನುವುದರ ಮೇಲೆ ಮೂರು ದಾರಿ ಹೇಳುತ್ತೇನೆ: ಐದು ನಿಮಿಷದ್ದು, ಅರ್ಧ ಗಂಟೆಯದ್ದು, ಮತ್ತೆ ಒಂದು ಭಾನುವಾರದ ಬೆಳಗಿನದ್ದು.

ಮೊದಲು: ಇದು ಹಸಿವೋ, ಆಸೆಯೋ?

ಸಂಜೆ ನಾಲ್ಕೂವರೆಗೆ ಸಿಹಿ ಬೇಕು ಅಂತ ಮೈಯೆಲ್ಲಾ ಕೇಳುತ್ತಿದ್ದರೆ ಮಧ್ಯಾಹ್ನ ಏನು ತಿಂದಿರಿ ಅಂತ ನೆನಪು ಮಾಡಿಕೊಳ್ಳಿ. ಊಟ ಬಿಟ್ಟಿದ್ದರೆ, ಅಥವಾ ಎರಡು ತಟ್ಟೆ ಇಡ್ಲಿಯಲ್ಲಿ ಮುಗಿಸಿದ್ದರೆ, ಅದು ಹಸಿವು. ಖಾಲಿ ಹೊಟ್ಟೆಯಲ್ಲಿ ಸಿಹಿಗೆ ಕೈ ಹಾಕಿದರೆ ಎಷ್ಟು ತಿಂದರೂ ಸಾಕು ಅನ್ನಿಸುವುದಿಲ್ಲ. ಒಂದು ಲೋಟ ನೀರು ಕುಡಿಯಿರಿ, ಒಂದಿಷ್ಟು ಉಪ್ಪಿಟ್ಟೋ ಮೊಸರನ್ನವೋ ತಿನ್ನಿ. ಆಮೇಲೂ ಆಸೆ ಉಳಿದಿದ್ದರೆ ಅದು ನಿಜವಾದ ಆಸೆ. ಅದನ್ನು ತೀರಿಸಿಕೊಳ್ಳೋಣ.

ಐದು ನಿಮಿಷ ಇದ್ದರೆ: ಕೊಬ್ಬರಿ ಬೆಲ್ಲ

ಮನೆಯಲ್ಲಿ ಒಂದು ಗಿಟುಕು ಕೊಬ್ಬರಿ, ಒಂದು ತುಂಡು ಬೆಲ್ಲ ಇದ್ದರೆ ಬೇಕರಿಗೆ ಹೋಗುವ ಅಗತ್ಯವೇ ಇಲ್ಲ. ಹಸಿ ಕಾಯಿಯಲ್ಲಿ ಮೂರನೇ ಒಂದು ಭಾಗ ಕೊಬ್ಬು. ಒಣಗಿದ ಕೊಬ್ಬರಿಯಲ್ಲಿ ಮೂರನೇ ಎರಡು ಭಾಗದ ಹತ್ತಿರ ಎಣ್ಣೆಯೇ ಇರುತ್ತದೆ. ಅಂದರೆ ಸಣ್ಣ ತುಂಡಿನಲ್ಲೇ ಬೇಕಾದಷ್ಟು ಜಿಡ್ಡು ಸಿಗುತ್ತದೆ.

ತಿಪಟೂರಿನ ಉಂಡೆ ಕೊಬ್ಬರಿಗೆ ಹೆಸರು ಬಂದಿರುವುದು ಅದನ್ನು ಮಾಡುವ ರೀತಿಯಿಂದ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ, ಹೆಚ್ಚುಕಮ್ಮಿ ಒಂದು ವರ್ಷದವರೆಗೆ ಬಿಡುತ್ತಾರೆ. ಒಳಗಿನ ನೀರು ತಾನಾಗೇ ಇಂಗುತ್ತದೆ. ತಿರುಳು ಕರಟದಿಂದ ಬಿಟ್ಟುಕೊಂಡು ಅಲ್ಲಾಡಿಸಿದರೆ ಗುಡುಗುಡು ಅನ್ನುತ್ತದೆ. ಆಗ ಸಿಪ್ಪೆ ಸುಲಿದು, ಕರಟ ಒಡೆದು, ಇಡೀ ಉಂಡೆಯನ್ನು ಹಾಗೇ ಹೊರಗೆ ತೆಗೆಯುತ್ತಾರೆ. ಬಿಸಿಲಿಗೆ ಹೋಳು ಒಣಗಿಸಿದ ಕೊಬ್ಬರಿಗೂ ಇದಕ್ಕೂ ರುಚಿಯಲ್ಲಿ ವ್ಯತ್ಯಾಸ ಇದೆ. ನಿಧಾನವಾಗಿ ಒಣಗಿದ್ದು ಜಾಸ್ತಿ ಸಿಹಿ, ಅಗಿಯಲೂ ಮೆತ್ತಗೆ.

ಕೊಳ್ಳುವಾಗ ಮುರಿದು ಮೂಸಿ ನೋಡಿ. ಒಳಗೆ ಬೆಳ್ಳಗಿರಬೇಕು. ಹಳದಿ ತಿರುಗಿದ್ದರೆ, ಕಮಟು ವಾಸನೆ ಬಂದರೆ ಬೇಡ. ಅಂಥ ಕೊಬ್ಬರಿ ತಿಂದರೆ ಗಂಟಲು ಕೆರೆಯುತ್ತದೆ.

ಮಾಡುವುದು ಏನಿಲ್ಲ. ಕೊಬ್ಬರಿಯನ್ನು ತೆಳ್ಳಗೆ ಹೆಚ್ಚಿ, ಸುಮಾರು 20 ಗ್ರಾಂ ಸಾಕು. ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಂದು ನಿಮಿಷ ಬೆಚ್ಚಗೆ ಮಾಡಿ. ಅಂಚು ಒಂದಿಷ್ಟು ಕೆಂಪಾಗುವ ಹೊತ್ತಿಗೆ ಎಣ್ಣೆ ಹೊಳೆಯಲು ಶುರುವಾಗುತ್ತದೆ. ಒಲೆ ಆರಿಸಿ, ಎರಡು ಚಮಚ ಹುರಿಗಡಲೆ, ಚಿಟಿಕೆ ಏಲಕ್ಕಿ ಪುಡಿ ಹಾಕಿ ಕಲಸಿ. ಪಕ್ಕದಲ್ಲಿ 10 ಗ್ರಾಂ ಉಂಡೆ ಬೆಲ್ಲ ಇಟ್ಟುಕೊಂಡು ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ ಅಂತ ಬಾಯಿಗೆ ಹಾಕಿಕೊಳ್ಳಿ. ಕೊಬ್ಬರಿಯನ್ನು ಚೆನ್ನಾಗಿ ಅಗಿಯಲೇಬೇಕು, ಬೇರೆ ದಾರಿ ಇಲ್ಲ. ಹಾಗೆ ಅಗಿಯುವುದರಿಂದಲೇ ಸ್ವಲ್ಪದರಲ್ಲಿ ಸಾಕು ಅನ್ನಿಸುತ್ತದೆ.

ಅರ್ಧ ಗಂಟೆ ಇದ್ದರೆ: ಗಸಗಸೆ ಪಾಯಸ

ಬಿಸಿಯಾದದ್ದು, ಕುಡಿಯುವಂಥದ್ದು ಬೇಕು ಅನ್ನಿಸಿದ ದಿನ ಇದಕ್ಕಿಂತ ಒಳ್ಳೆಯದು ಇಲ್ಲ. ನಾಲ್ಕು ಜನಕ್ಕೆ ಎರಡು ದೊಡ್ಡ ಚಮಚ ಗಸಗಸೆ, ಒಂದು ದೊಡ್ಡ ಚಮಚ ಅಕ್ಕಿ, ಸುಮಾರು 100 ಗ್ರಾಂ ಕಾಯಿತುರಿ, 120 ಗ್ರಾಂ ಬೆಲ್ಲ, ಮೂರು ಏಲಕ್ಕಿ ತೆಗೆದುಕೊಳ್ಳಿ.

ಬಾಣಲೆ ಒಣಗಿರಲಿ. ಮೊದಲು ಅಕ್ಕಿ ಹಾಕಿ, ಅದು ಉಬ್ಬಿ ಬೆಳ್ಳಗಾಗುತ್ತಿದ್ದ ಹಾಗೆ ಗಸಗಸೆ ಸೇರಿಸಿ. ಗಸಗಸೆಯ ಕಾಳು ಬಹಳ ಸಣ್ಣದು, ನೋಡನೋಡುತ್ತಾ ಸೀದುಹೋಗುತ್ತದೆ. ಒಂದು ನಿಮಿಷ ಕೈ ಬಿಡದೆ ತಿರುವಿ, ಸಣ್ಣಗೆ ಸಿಡಿಯುವ ಸದ್ದು ಬಂದು ಘಮ ಎದ್ದಾಗ ಇಳಿಸಿಬಿಡಿ. ಮುಳುಗುವಷ್ಟು ಬಿಸಿನೀರು ಹಾಕಿ ಹತ್ತು ನಿಮಿಷ ನೆನೆಯಲು ಬಿಡಿ. ಈ ನೆನೆಸುವ ಕೆಲಸ ತಪ್ಪಿಸಿದರೆ ಮಿಕ್ಸಿಯಲ್ಲಿ ಗಸಗಸೆ ಅರೆಯುವುದೇ ಇಲ್ಲ, ಜಾರಿನ ಗೋಡೆಗೆ ಹತ್ತಿ ಕೂರುತ್ತದೆ.

ನೆನೆದದ್ದಕ್ಕೆ ಕಾಯಿತುರಿ, ಏಲಕ್ಕಿ ಸೇರಿಸಿ ನುಣ್ಣಗೆ ಅರೆಯಿರಿ. ಬೆರಳಿಗೆ ತರಿ ಸಿಗಬಾರದು. ಬೆಲ್ಲವನ್ನು ಬೇರೆ ಪಾತ್ರೆಯಲ್ಲಿ ಒಂದು ಲೋಟ ನೀರು ಹಾಕಿ ಕರಗಿಸಿ ಸೋಸಿಕೊಳ್ಳಿ. ಆ ಬೆಲ್ಲದ ನೀರು ಕುದಿಯುವಾಗ ಅರೆದದ್ದನ್ನು ಹಾಕಿ, ಇನ್ನೂ ಎರಡು ಲೋಟದಷ್ಟು ನೀರು ಸೇರಿಸಿ, ಎಂಟು ಹತ್ತು ನಿಮಿಷ ಕುದಿಸಿ. ಅಕ್ಕಿ ಇರುವುದರಿಂದ ತಳ ಹಿಡಿಯುತ್ತದೆ, ಸೌಟು ಆಡಿಸುತ್ತಲೇ ಇರಿ. ಆರಿದ ಮೇಲೆ ಇನ್ನಷ್ಟು ಗಟ್ಟಿಯಾಗುತ್ತದೆ ಅನ್ನುವುದು ನೆನಪಿರಲಿ, ಒಲೆಯ ಮೇಲೆ ಸ್ವಲ್ಪ ತೆಳ್ಳಗೇ ಇರಬೇಕು.

ಹಾಲು ಹಾಕುವವರು ಕುದಿಯುತ್ತಿರುವ ಬೆಲ್ಲದ ಪಾಯಸಕ್ಕೆ ಹಾಕಬೇಡಿ, ಒಡೆಯುತ್ತದೆ. ಒಲೆ ಆರಿಸಿ ಹತ್ತು ನಿಮಿಷ ಬಿಟ್ಟು, ಕಾಯಿಸಿ ಆರಿಸಿದ ಹಾಲು ಒಂದು ಲೋಟ ಬೆರೆಸಿ. ಕೊನೆಗೆ ತುಪ್ಪದಲ್ಲಿ ಹುರಿದ ಗೋಡಂಬಿ, ದ್ರಾಕ್ಷಿ. ಈ ಪಾಯಸ ಕುಡಿದರೆ ನಿದ್ದೆ ಬರುತ್ತದೆ ಅಂತ ಹಳಬರು ಹೇಳುತ್ತಾರೆ. ಭಾನುವಾರದ ಊಟಕ್ಕೆ ಇಟ್ಟುಕೊಳ್ಳುವುದು ಅದಕ್ಕೇ. ಇನ್ನೊಂದು ಮಾತು: ದುಬೈ, ಸೌದಿ ಕಡೆ ಇರುವ ಮಕ್ಕಳಿಗೆ ಸಾಮಾನು ಕಟ್ಟಿಕೊಡುವಾಗ ಗಸಗಸೆಯನ್ನು ಮಾತ್ರ ಕಟ್ಟಬೇಡಿ. ಅಲ್ಲಿ ಅದಕ್ಕೆ ನಿಷೇಧ ಇದೆ, ಸಿಕ್ಕರೆ ಜೈಲಿನವರೆಗೂ ಹೋಗಬಹುದು.

ತುಪ್ಪದ ವಿಚಾರ

ಮೂರನೆಯ ದಾರಿಗೆ ಹೋಗುವ ಮೊದಲು ತುಪ್ಪ ಸರಿ ಮಾಡಿಕೊಳ್ಳಬೇಕು. ಒಬ್ಬಟ್ಟು ಎಷ್ಟೇ ಚೆನ್ನಾಗಿ ಬಂದರೂ ಮೇಲೆ ಹಾಕುವ ತುಪ್ಪ ಸಪ್ಪೆಯಾದರೆ ಆಸೆ ತೀರುವುದಿಲ್ಲ.

ಅರ್ಧ ಕೆಜಿ ಬೆಣ್ಣೆ ತನ್ನಿ. ಉಪ್ಪು ಹಾಕಿದ ಬೆಣ್ಣೆ ಬೇಡ. ಮನೆಯಲ್ಲೇ ಹಾಲಿನ ಕೆನೆ ಕೂಡಿಟ್ಟು, ಹೆಪ್ಪು ಹಾಕಿ ಕಡೆದ ಬೆಣ್ಣೆಯಾದರೆ ಇನ್ನೂ ಒಳ್ಳೆಯದು. ಅದನ್ನು ಎರಡು ಮೂರು ಸಲ ತಣ್ಣೀರಲ್ಲಿ ತೊಳೆದು ಮಜ್ಜಿಗೆ ತೆಗೆಯಿರಿ. ದಪ್ಪ ತಳದ ಪಾತ್ರೆಯಲ್ಲಿ ಮಧ್ಯಮ ಉರಿಯಲ್ಲಿ ಇಡಿ.

ಇಲ್ಲಿಂದ ಕಿವಿಗೂ ಕೆಲಸ ಇದೆ. ಬೆಣ್ಣೆ ಕರಗಿದ ಮೇಲೆ ನೊರೆ ಏಳುತ್ತದೆ, ಚಟಪಟ ಸದ್ದು ಶುರುವಾಗುತ್ತದೆ. ಬೆಣ್ಣೆಯೊಳಗಿನ ನೀರು ಆವಿಯಾಗುವ ಸದ್ದು ಅದು. ಸದ್ದು ಇರುವವರೆಗೆ ತುಪ್ಪ ಆಗಿಲ್ಲ. ಸದ್ದು ಕಮ್ಮಿಯಾಗುತ್ತಾ ಬಂದಾಗ ಉರಿ ಸಣ್ಣ ಮಾಡಿ. ನೊರೆ ಸರಿಸಿ ನೋಡಿದರೆ ಕೆಳಗೆ ತಿಳಿಯಾದ ಹೊಂಬಣ್ಣ, ತಳದಲ್ಲಿ ಗಸಿ ಕೂತಿರುತ್ತದೆ. ಆ ಗಸಿ ಬಿಳಿಯಿಂದ ತಿಳಿ ಕಂದು ಬಣ್ಣಕ್ಕೆ ತಿರುಗುವ ಒಂದೆರಡು ನಿಮಿಷದಲ್ಲೇ ಇಡೀ ಮನೆ ಘಮಘಮ ಅನ್ನುತ್ತದೆ. ಆ ಹೊತ್ತಿಗೆ ಒಂದು ವೀಳ್ಯದೆಲೆಯನ್ನೋ ಒಂದೆರಡು ಎಸಳು ನುಗ್ಗೆಸೊಪ್ಪನ್ನೋ ಹಾಕಿ ಒಲೆ ಆರಿಸಿ. ಪಾತ್ರೆ ಬಿಸಿಯಾಗೇ ಇರುವುದರಿಂದ ಬಣ್ಣ ಇನ್ನೂ ಸ್ವಲ್ಪ ಏರುತ್ತದೆ. ಅದಕ್ಕೇ ಒಂದು ಹೆಜ್ಜೆ ಮುಂಚೆಯೇ ಆರಿಸಬೇಕು. ಗಸಿ ಕಪ್ಪಾದರೆ ತುಪ್ಪಕ್ಕೆ ಕಹಿ ಬರುತ್ತದೆ. ಆರಿದ ಮೇಲೆ ಸೋಸಿ. ಉಳಿದ ಗಸಿಗೆ ಒಂದು ಚಮಚ ಸಕ್ಕರೆ ಬೆರೆಸಿ ಮನೆಯ ಮಕ್ಕಳಿಗೆ ಕೊಡಿ.

ಅಂಗಡಿಯ ಸಿಹಿ ಕೊಳ್ಳಬೇಕಾದಾಗಲೂ ಇದೇ ಮೂಗು, ಇದೇ ನಾಲಿಗೆ ಉಪಯೋಗಕ್ಕೆ ಬರುತ್ತದೆ. ಡಬ್ಬದ ಮೇಲೆ ಪದಾರ್ಥಗಳ ಪಟ್ಟಿ ಓದಿ. ತುಪ್ಪ ಅಂತ ಇದೆಯೋ, ವನಸ್ಪತಿ ಅಂತ ಇದೆಯೋ ನೋಡಿ. ಬಿಡಿಯಾಗಿ ಮಾರುವ ಕಡೆ ಒಂದು ಚೂರು ಕೇಳಿ ತಿನ್ನಿ. ತುಪ್ಪದ್ದು ಬಾಯಿಯ ಬಿಸಿಗೆ ಕರಗಿ ಹೋಗುತ್ತದೆ. ವನಸ್ಪತಿಯದ್ದು ಮೇಣದ ಹಾಗೆ ಅಂಗುಳಿಗೆ ಅಂಟಿಕೊಂಡು ಉಳಿಯುತ್ತದೆ. ಅಂಟಿದರೆ ಆ ಅಂಗಡಿಯಲ್ಲಿ ಕೊಳ್ಳಬೇಡಿ. ಕಾಲು ಕೆಜಿ ಒಳ್ಳೆಯದಕ್ಕೆ ಕೊಡುವ ದುಡ್ಡು ಒಂದು ಕೆಜಿ ಕೆಟ್ಟದ್ದಕ್ಕೆ ಕೊಡುವುದಕ್ಕಿಂತ ಮೇಲು.

ಒಂದು ಬೆಳಗ್ಗೆ ಬಿಡುವಿದ್ದರೆ: ಕಾಯಿ ಒಬ್ಬಟ್ಟು

ಬೇಳೆ ಒಬ್ಬಟ್ಟು ಹಬ್ಬದ್ದು. ಅದರ ಜೊತೆಗೆ ಒಬ್ಬಟ್ಟಿನ ಸಾರೂ ಬರುತ್ತದೆ, ಮನೆ ತುಂಬ ಜನರೂ ಇರುತ್ತಾರೆ. ಆದರೆ ಜಿಡ್ಡಿನ ಸಿಹಿಯ ಆಸೆಗೆ ನಾನು ಆರಿಸುವುದು ಕಾಯಿ ಒಬ್ಬಟ್ಟು. ಹೂರಣದಲ್ಲೇ ಕೊಬ್ಬಿದೆ, ಬೇಳೆ ಬೇಯಿಸಿ ಬಸಿಯುವ ಕೆಲಸ ಇಲ್ಲ, ಇಬ್ಬರೇ ಇರುವ ಮನೆಯಲ್ಲೂ ಮಾಡಬಹುದು.

14 ಒಬ್ಬಟ್ಟಿಗೆ ಬೇಕಾದದ್ದು:

ಕಣಕಕ್ಕೆ: ಮೈದಾ 150 ಗ್ರಾಂ, ಚಿರೋಟಿ ರವೆ 50 ಗ್ರಾಂ, ಅರಿಶಿನ ಕಾಲು ಚಮಚ, ಚಿಟಿಕೆ ಉಪ್ಪು, ನೀರು ಸುಮಾರು 140 ಮಿಲಿ, ಎಣ್ಣೆ 60 ಮಿಲಿ.
ಹೂರಣಕ್ಕೆ: ಕಾಯಿತುರಿ 300 ಗ್ರಾಂ, ಬೆಲ್ಲ 250 ಗ್ರಾಂ, ಹುರಿದ ಗಸಗಸೆ ಒಂದು ದೊಡ್ಡ ಚಮಚ, ಏಲಕ್ಕಿ ಆರು.
ಬೇಯಿಸಲು ಮತ್ತು ಬಡಿಸಲು ತುಪ್ಪ.

ಕಣಕ ಮೊದಲು. ಅದು ನೆನೆಯಲು ಎರಡು ಗಂಟೆಯಾದರೂ ಬೇಕು. ಮೈದಾ, ರವೆ, ಅರಿಶಿನ, ಉಪ್ಪು ಕಲಸಿ, ನೀರು ಹಾಕುತ್ತಾ ಚಪಾತಿ ಹಿಟ್ಟಿಗಿಂತ ತುಂಬಾ ಮೆತ್ತಗೆ ಮಾಡಿ. ಕೈಗೆ ಅಂಟುತ್ತದೆ, ಅಂಟಬೇಕು. ಹೊಸಬರು ಇಲ್ಲೇ ಹೆದರಿ ಇನ್ನಷ್ಟು ಮೈದಾ ಸುರಿಯುವುದು. ಸುರಿಯಬೇಡಿ. ಎರಡೆರಡು ಚಮಚ ಎಣ್ಣೆ ಹಾಕುತ್ತಾ ಹತ್ತು ನಿಮಿಷ ನಾದಿ. ಅಂಗೈಯಿಂದ ಒತ್ತಿ, ಎಳೆದು, ಮಡಚಿ, ಮತ್ತೆ ಒತ್ತಿ. ಅಂಟು ತಾನಾಗೇ ಬಿಡುತ್ತದೆ. ಉಳಿದ ಎಣ್ಣೆಯನ್ನು ಮೇಲೆ ಸುರಿದು ಮುಚ್ಚಿಡಿ.

ಎರಡು ಗಂಟೆಯಲ್ಲಿ ರವೆ ನೀರು ಹೀರಿಕೊಂಡು ಮೆತ್ತಗಾಗುತ್ತದೆ. ಮೈದಾದಲ್ಲಿರುವ ಗ್ಲುಟನ್ ಬಿಗಿ ಬಿಟ್ಟು ಸಡಿಲವಾಗುತ್ತದೆ. ಪರೀಕ್ಷೆ ಮಾಡಲು ಚಿಕ್ಕ ಉಂಡೆ ತೆಗೆದು ಎರಡೂ ಕೈಯಲ್ಲಿ ಎಳೆಯಿರಿ. ಹರಿಯದೆ, ಹಿಂದಕ್ಕೆ ಜಗ್ಗದೆ, ಬೆರಳು ಕಾಣುವಷ್ಟು ತೆಳ್ಳಗೆ ಹಿಗ್ಗಬೇಕು. ಹಿಂದಕ್ಕೆ ಜಗ್ಗಿದರೆ ಇನ್ನೂ ಅರ್ಧ ಗಂಟೆ ಬಿಡಿ. ಮೈದಾ ಬೇಡ ಅನ್ನುವವರು ಗೋಧಿ ಹಿಟ್ಟಲ್ಲಿ ಮಾಡಬಹುದು. ಆದರೆ ಗೋಧಿಯ ತವುಡು ಆ ಹಿಗ್ಗುವ ಗುಣವನ್ನು ಕಮ್ಮಿ ಮಾಡುತ್ತದೆ. ಒಬ್ಬಟ್ಟು ಸ್ವಲ್ಪ ದಪ್ಪ ಬರುತ್ತದೆ, ರುಚಿಗೇನೂ ಮೋಸ ಇಲ್ಲ.

ಕಾಯಿ ಆರಿಸುವುದು. ಬಲಿತ ಕಾಯಿ ಬೇಕು. ಅಲ್ಲಾಡಿಸಿದರೆ ಒಳಗೆ ನೀರು ಕುಲುಕಬೇಕು, ಕಣ್ಣಿನ ಹತ್ತಿರ ಒದ್ದೆ ಅಥವಾ ಬೂಷ್ಟು ಇರಬಾರದು. ಎಳೆಗಾಯಿಯಲ್ಲಿ ನೀರಿನ ಅಂಶ ಜಾಸ್ತಿ, ಕೊಬ್ಬು ಕಮ್ಮಿ. ಹೂರಣ ಎಷ್ಟು ಹೊತ್ತು ಬೇಯಿಸಿದರೂ ಗಟ್ಟಿಯಾಗುವುದಿಲ್ಲ. 300 ಗ್ರಾಂ ತುರಿಗೆ ಮಧ್ಯಮ ಗಾತ್ರದ ಎರಡು ಕಾಯಿ ಸಾಕು. ತುರಿಯುವಾಗ ಕರಟದ ಹತ್ತಿರ ಬಂದ ಕೂಡಲೇ ನಿಲ್ಲಿಸಿ. ಕಂದು ಪೊರೆ ಬಂದರೆ ಹೂರಣ ತರಿತರಿಯಾಗುತ್ತದೆ, ತಟ್ಟುವಾಗ ಕಣಕವನ್ನು ಹರಿಯುತ್ತದೆ. ಉಳಿದದ್ದು ಚಟ್ನಿಗೆ ಆಗುತ್ತದೆ.

ಬೆಲ್ಲದ ಬಗ್ಗೆಯೂ ಒಂದು ಮಾತು. ನಮ್ಮ ಸಂತೆಗಳಿಗೆ ಮಂಡ್ಯ ಕಡೆಯ ಬೆಲ್ಲವೂ ಬರುತ್ತದೆ. ನೋಡಲು ಚೆಂದ ಅಂತ ತಿಳಿ ಹಳದಿ ಬಣ್ಣದ ಬೆಲ್ಲಕ್ಕೆ ಕೈ ಹಾಕಬೇಡಿ. ಆ ಬಣ್ಣ ಬರಲಿ ಅಂತ ಪಾಕ ಕುದಿಯುವಾಗ ಹೈಡ್ರೋಸ್ ಅನ್ನುವ, ಬಣ್ಣ ತಿಳಿ ಮಾಡುವ ರಾಸಾಯನಿಕ ಹಾಕುವ ರೂಢಿ ಇದೆ. ಕಂದು ಬಣ್ಣದ್ದು ತನ್ನಿ. ಹೂರಣದ ಬಣ್ಣ ಗಾಢವಾಗುತ್ತದೆ, ರುಚಿಯೂ ಅಷ್ಟೇ ಗಾಢ.

ಇನ್ನು ಹೂರಣ. ಇಡೀ ಕೆಲಸ ನಿಂತಿರುವುದು ಇದರ ಮೇಲೆ. ಕಾಯಿತುರಿ, ಗಸಗಸೆ, ಏಲಕ್ಕಿಯನ್ನು ನೀರು ಹಾಕದೆ ಮಿಕ್ಸಿಯಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ತೀರ ನುಣ್ಣಗೆ ಬೇಡ, ಉದ್ದ ಎಳೆಗಳು ಮುರಿದರೆ ಸಾಕು. ದಪ್ಪ ತಳದ ಬಾಣಲೆಯಲ್ಲಿ ಬೆಲ್ಲಕ್ಕೆ ಕಾಲು ಲೋಟ ನೀರು ಹಾಕಿ ಕರಗಿಸಿ, ಸೋಸಿ, ಬಾಣಲೆ ತೊಳೆದು ಮತ್ತೆ ಒಲೆಗೆ ಇಡಿ. ಬೆಲ್ಲದಲ್ಲಿ ಮರಳು ಇರುವುದು ಮಾಮೂಲು. ಒಬ್ಬಟ್ಟು ಕಚ್ಚಿದಾಗ ಕರಕ್ ಅಂದರೆ ಅಷ್ಟು ಹೊತ್ತಿನ ಕೆಲಸವೆಲ್ಲಾ ಹೋಯಿತು. ಪಾಕ ನೊರೆನೊರೆಯಾಗಿ ಕುದಿದು ಸ್ವಲ್ಪ ಗಟ್ಟಿಯಾದ ಮೇಲೆ ಕಾಯಿ ಸೇರಿಸಿ.

ಮೊದಲು ಎಲ್ಲಾ ಸಡಿಲವಾಗಿ ಗಂಜಿಯಾಗಿರುತ್ತದೆ. ಮಧ್ಯಮ ಉರಿಯಲ್ಲಿ ಕೈಯಾಡಿಸುತ್ತಾ ಇದ್ದರೆ ಏಳೆಂಟು ನಿಮಿಷಕ್ಕೆ ಗುಳ್ಳೆಗಳು ದಪ್ಪಗಾಗುತ್ತವೆ. ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ಹನ್ನೆರಡು ನಿಮಿಷದ ಹೊತ್ತಿಗೆ ಸೌಟು ಎಳೆದ ದಾರಿ ಬಾಣಲೆಯ ತಳದಲ್ಲಿ ಒಂದು ಕ್ಷಣ ಹಾಗೇ ನಿಲ್ಲುತ್ತದೆ. ಉರಿ ಸಣ್ಣ ಮಾಡಿ, ಅಲ್ಲಿಂದ ಮುಂದೆ ಪಕ್ಕಕ್ಕೆ ಹೋಗಲೇಬೇಡಿ. ನಮ್ಮಮ್ಮ ಈ ಹೊತ್ತಿಗೆ ಯಾರು ಕರೆದರೂ ಓಗೊಡುವುದಿಲ್ಲ. ಅಂಚಿನಲ್ಲಿ ಜಿಡ್ಡು ಹೊಳೆದು, ಹೂರಣ ಬಾಣಲೆ ಬಿಟ್ಟುಕೊಂಡು ಒಂದೇ ಮುದ್ದೆಯಾಗಿ ಸೌಟಿನ ಹಿಂದೆ ಬರುತ್ತದೆ. ಒಂದು ಚೂರು ತಟ್ಟೆಗೆ ಹಾಕಿ, ಆರಿಸಿ, ಬೆರಳಲ್ಲಿ ಉರುಳಿಸಿ. ಅಂಟದೆ ಉಂಡೆಯಾಗಿ, ಒತ್ತಿದರೆ ಮೆತ್ತಗೆ ಬಗ್ಗಬೇಕು. ಅಷ್ಟಾದರೆ ಇಳಿಸಿ. ಪೂರ್ತಿ ಗಟ್ಟಿಯಾಗುವವರೆಗೆ ಒಲೆಯ ಮೇಲೆ ಬಿಟ್ಟರೆ ಆರಿದ ಮೇಲೆ ಕೊಬ್ಬರಿ ಮಿಠಾಯಿಯೇ ಆಗುತ್ತದೆ, ತಟ್ಟಲು ಬರುವುದಿಲ್ಲ.

ಹದ ತಪ್ಪಿದರೂ ಸರಿ ಮಾಡಬಹುದು. ಸಡಿಲವಾಗಿದ್ದರೆ ಎರಡು ಚಮಚ ಹುರಿಗಡಲೆ ಪುಡಿ ಬೆರೆಸಿ ಹತ್ತು ನಿಮಿಷ ಬಿಡಿ, ನೀರು ಹೀರಿಕೊಳ್ಳುತ್ತದೆ. ಗಟ್ಟಿಯಾಗಿದ್ದರೆ ಎರಡು ಚಮಚ ಬಿಸಿ ಹಾಲು ಚಿಮುಕಿಸಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ. ಡಿಸೆಂಬರ್, ಜನವರಿಯ ಚಳಿಯಲ್ಲಿ ಮಾತ್ರ ಅವಸರ ಮಾಡಬೇಡಿ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಹಾಗಾಗಿ ಬೆಳಗಿನ ಹೊತ್ತು ಹೂರಣ ಗಟ್ಟಿಯಾಗಿ ಕಂಡರೂ ಅದು ಬರೀ ಚಳಿಯಿಂದ ಆಗಿರಬಹುದು. ಮೊದಲು ಕೈಯಲ್ಲಿ ಹಿಸುಕಿ ಬೆಚ್ಚಗೆ ಮಾಡಿ ನೋಡಿ.

ಹೂರಣ ಪೂರ್ತಿ ಆರಿದ ಮೇಲೆ 35 ಗ್ರಾಮಿನ 14 ಉಂಡೆ ಕಟ್ಟಿ. ಬಿಸಿ ಇರುವಾಗ ತುಂಬಿದರೆ ಕಣಕ ಹರಿಯುತ್ತದೆ. ಕಣಕದ ಉಂಡೆ ಅದಕ್ಕಿಂತ ಸ್ವಲ್ಪ ಚಿಕ್ಕದಿರಲಿ, 28 ಗ್ರಾಂ ಸಾಕು. ಕೈಗೆ ಎಣ್ಣೆ ಹಚ್ಚಿಕೊಂಡು ಕಣಕವನ್ನು ಅಂಗೈಯಲ್ಲಿ ಅಗಲ ಮಾಡಿ, ಹೂರಣ ಇಟ್ಟು, ಸುತ್ತಲಿಂದ ಎಳೆದು ಮುಚ್ಚಿ. ಮೇಲೆ ಗಂಟಾಗುವ ಹೆಚ್ಚುವರಿ ಕಣಕವನ್ನು ಕಿತ್ತುಬಿಡಿ, ಇಲ್ಲದಿದ್ದರೆ ಒಬ್ಬಟ್ಟಿನ ನಡುವೆ ದಪ್ಪ ಹಿಟ್ಟು ಉಳಿಯುತ್ತದೆ.

ಎಣ್ಣೆ ಸವರಿದ ಬಾಳೆ ಎಲೆ ಅಥವಾ ಒಬ್ಬಟ್ಟಿನ ಹಾಳೆಯ ಮೇಲೆ ಗಂಟು ಕೆಳಗೆ ಬರುವ ಹಾಗೆ ಇಡಿ. ಲಟ್ಟಣಿಗೆ ಬೇಡ. ಬೆರಳ ತುದಿಯಿಂದ ನಡುವಿನಿಂದ ಅಂಚಿಗೆ ತಟ್ಟುತ್ತಾ ಹೋಗಿ, ಎಲೆಯನ್ನು ಆಗಾಗ ಸ್ವಲ್ಪ ತಿರುಗಿಸಿ. ಹೂರಣ ಎಲ್ಲಿ ಗುಡ್ಡೆಯಾಗಿದೆ ಅನ್ನುವುದು ಬೆರಳಿಗೇ ಗೊತ್ತಾಗುತ್ತದೆ, ಅದನ್ನು ಹೊರಕ್ಕೆ ನೂಕಿ. ಮೊದಲ ಎರಡು ಅಂಕುಡೊಂಕಾದರೂ ಪರವಾಗಿಲ್ಲ, ರುಚಿ ಒಂದೇ.

ಕಾವಲಿ ಮಧ್ಯಮ ಕಾದಿರಲಿ. ನೀರು ಚಿಮುಕಿಸಿದರೆ ಹನಿ ಒಂದು ಕ್ಷಣ ಕುಣಿದು ಆರಬೇಕು. ಎಲೆ ಸಮೇತ ಮಗುಚಿ ಹಾಕಿ, ಎರಡು ಮೂರು ಸೆಕೆಂಡ್ ಬಿಟ್ಟು ಎಲೆಯನ್ನು ಅಂಚಿನಿಂದ ಮೆಲ್ಲಗೆ ಬಿಡಿಸಿ. ಹಾಳೆ ಪ್ಲಾಸ್ಟಿಕ್‌ದಾದರೆ ಕಾವಲಿಗೆ ತಾಗಿಸಬೇಡಿ, ಒಬ್ಬಟ್ಟನ್ನು ಮೊದಲು ಅಂಗೈಗೆ ತೆಗೆದುಕೊಂಡು ಆಮೇಲೆ ಹಾಕಿ. ಒಂದು ನಿಮಿಷಕ್ಕೆ ಕೆಳಗೆ ಹೊಂಬಣ್ಣದ ಚುಕ್ಕೆ ಬರುತ್ತದೆ. ಸುತ್ತ ಅರ್ಧ ಚಮಚ ತುಪ್ಪ ಬಿಟ್ಟು ತಿರುವಿ, ಇನ್ನೊಂದು ಕಡೆಯೂ ಒಂದು ನಿಮಿಷ. ಹೂರಣ ಆಚೆ ಬಂದು ಬೆಲ್ಲ ಸೀದರೆ ಒದ್ದೆ ಬಟ್ಟೆಯಲ್ಲಿ ಕಾವಲಿ ಒರೆಸಿಯೇ ಮುಂದಿನದು ಹಾಕಿ. ಸೀದ ಬೆಲ್ಲದ ಕಹಿ ಒಂದರಿಂದ ಒಂದಕ್ಕೆ ದಾಟುತ್ತದೆ.

ತಿನ್ನುವ ರೀತಿ, ಮತ್ತೆ ಎಷ್ಟು

ಕಾವಲಿಯಿಂದ ತಟ್ಟೆಗೆ ಬಂದ ಒಬ್ಬಟ್ಟನ್ನು ಒಂದು ನಿಮಿಷ ಆರಲು ಬಿಡಿ, ಬೆಲ್ಲದ ಬಿಸಿ ನಾಲಿಗೆ ಸುಡುತ್ತದೆ. ಆಮೇಲೆ ಮೇಲೆ ಒಂದು ಚಮಚ ತುಪ್ಪ. ಪಕ್ಕದಲ್ಲಿ ಬಟ್ಟಲು ತುಂಬ ಬಿಸಿ ಹಾಲು, ಸಕ್ಕರೆ ಹಾಕದ್ದು. ಮೊದಲ ಅರ್ಧ ತುಪ್ಪದಲ್ಲಿ ತಿನ್ನಿ, ಉಳಿದರ್ಧ ಹಾಲಿನಲ್ಲಿ ಮುರಿದು ಹಾಕಿಕೊಂಡು ತಿನ್ನಿ. ಫೋನ್ ಪಕ್ಕಕ್ಕಿಡಿ. ನೋಡುತ್ತಾ ತಿಂದರೆ ಎಷ್ಟು ತಿಂದಿರಿ ಅನ್ನುವುದೇ ಗೊತ್ತಾಗುವುದಿಲ್ಲ, ಅಲ್ವಾ?

ಲೆಕ್ಕವನ್ನೂ ಹೇಳುತ್ತೇನೆ, ಮುಚ್ಚಿಡುವಂಥದ್ದೇನಿಲ್ಲ. ಮೇಲಿನ ಅಳತೆಯಲ್ಲಿ ಒಂದು ಒಬ್ಬಟ್ಟಿಗೆ ಸುಮಾರು 18 ಗ್ರಾಂ ಬೆಲ್ಲ ಬರುತ್ತದೆ. ಒಂದು ಚಮಚ ತುಪ್ಪ ಸೇರಿದರೆ 250 ಕ್ಯಾಲೊರಿಯ ಮೇಲೆಯೇ. ಹೊರಗಿನಿಂದ ಸೇರಿಸುವ ಸಕ್ಕರೆ ದಿನದ ಒಟ್ಟು ಕ್ಯಾಲೊರಿಯಲ್ಲಿ ನೂರಕ್ಕೆ ಹತ್ತು ಭಾಗಕ್ಕಿಂತ ಕಮ್ಮಿ ಇರಲಿ, ಐದಕ್ಕಿಂತ ಕಮ್ಮಿಯಾದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ ಮತ್ತು 25 ಗ್ರಾಂ. ಎರಡು ಒಬ್ಬಟ್ಟು ತಿಂದ ದಿನ ಕಾಫಿಗೆ ಸಕ್ಕರೆ ಬಿಡಿ, ರಾತ್ರಿ ಅನ್ನ ಕಮ್ಮಿ ಮಾಡಿ.

ಬೆಲ್ಲ ಅಂದರೆ ಸಕ್ಕರೆ ಕಾಯಿಲೆಗೆ ತೊಂದರೆ ಇಲ್ಲ ಅನ್ನುವ ಮಾತನ್ನು ದಯವಿಟ್ಟು ನಂಬಬೇಡಿ. ಬೆಲ್ಲವೂ ಬಹುಪಾಲು ಸಕ್ಕರೆಯೇ, ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ಮನೆಯಲ್ಲಿ ಮಧುಮೇಹ ಇರುವ ಹಿರಿಯರಿದ್ದರೆ ಅವರ ಮುಂದೆ ತಟ್ಟೆ ತುಂಬ ಇಟ್ಟು ಬೇಡ ಅನ್ನುವುದೂ ಸರಿಯಲ್ಲ. ಅವರಿಗಾಗಿ 15 ಗ್ರಾಂ ಹೂರಣದ ಪುಟ್ಟ ಒಬ್ಬಟ್ಟು ಒಂದೆರಡು ತಟ್ಟಿಡಿ. ಎಷ್ಟು ತಿನ್ನಬಹುದು ಅಂತ ಅವರ ಡಾಕ್ಟರನ್ನು ಮೊದಲೇ ಕೇಳಿಕೊಳ್ಳಿ. ಊಟದ ಜೊತೆಗೆ ಕೊಡಿ, ಖಾಲಿ ಹೊಟ್ಟೆಗೆ ಬೇಡ.

ಉಳಿದದ್ದು

ಒಬ್ಬಟ್ಟನ್ನು ಬಿಸಿಯಲ್ಲೇ ಒಂದರ ಮೇಲೊಂದು ಪೇರಿಸಬೇಡಿ, ಬೆವರಿ ಅಂಟಿಕೊಳ್ಳುತ್ತದೆ. ಬಟ್ಟೆಯ ಮೇಲೆ ಹರಡಿ ಆರಿಸಿ, ನಡುವೆ ಬಾಳೆ ಎಲೆಯೋ ಬೆಣ್ಣೆ ಕಾಗದವೋ ಇಟ್ಟು ಡಬ್ಬಕ್ಕೆ ಹಾಕಿ. ಹೊರಗೆ ಒಂದು ದಿನ, ಚಳಿಗಾಲದಲ್ಲಿ ಎರಡು ದಿನ ಇರುತ್ತದೆ. ಫ್ರಿಜ್ಜಿನಲ್ಲಿ ಐದಾರು ದಿನ. ಹುಳಿ ವಾಸನೆ ಬಂದರೆ ಯೋಚನೆ ಮಾಡದೆ ಬಿಸಾಡಿ.

ಮತ್ತೆ ಬಿಸಿ ಮಾಡುವಾಗ ಮೈಕ್ರೋವೇವ್ ಬೇಡ, ಮೈದಾ ನಾರುನಾರಾಗುತ್ತದೆ. ಕಾವಲಿ ಮೇಲೆ ಸಣ್ಣ ಉರಿಯಲ್ಲಿ, ಒಂಚೂರು ತುಪ್ಪ ಹಾಕಿ, ಎರಡೂ ಕಡೆ ಅರ್ಧರ್ಧ ನಿಮಿಷ. ಎರಡನೆಯ ದಿನದ ಒಬ್ಬಟ್ಟು ಅಂಚಿನಲ್ಲಿ ಗರಿಯಾಗಿ, ಒಳಗೆ ಮೆತ್ತಗಿರುತ್ತದೆ. ನನಗೆ ಮೊದಲ ದಿನದ್ದಕ್ಕಿಂತ ಅದೇ ಇಷ್ಟ.

ಹೂರಣ ಮಿಕ್ಕಿದ್ದರೆ ಉಂಡೆ ಕಟ್ಟಿ ಫ್ರೀಜರ್‌ನಲ್ಲಿ ಇಡಿ, ಒಂದು ತಿಂಗಳು ಚೆನ್ನಾಗಿರುತ್ತದೆ. ಮುಂದಿನ ಸಲ ಆಸೆ ಬಂದಾಗ ಒಂದೆರಡು ಉಂಡೆ ಹೊರಗೆ ತೆಗೆದು ಅಕ್ಕಿ ಹಿಟ್ಟಿನ ಕಡುಬಿಗೆ ತುಂಬಿ ಹಬೆಯಲ್ಲಿ ಬೇಯಿಸಬಹುದು. ಅಷ್ಟೂ ಪುರುಸೊತ್ತಿಲ್ಲದಿದ್ದರೆ ಬಿಸಿ ದೋಸೆಯ ಮೇಲೆ ಹರಡಿ, ತುಪ್ಪ ಹಾಕಿ ಮಡಚಿ. ಕಣಕ ಮಿಕ್ಕಿದ್ದರೆ ಅದನ್ನು ಚಪಾತಿ ಹಿಟ್ಟಿಗೆ ಕಲಸಿಬಿಡಿ. ಆವತ್ತಿನ ಚಪಾತಿ ಮಾಮೂಲಿಗಿಂತ ಮೆತ್ತಗೆ ಬರುತ್ತದೆ.